ಪತ್ತೇದಾರಿ ಡೆಕ್‌ನ ಸೆವೆನ್ ಆಫ್ ಸ್ವೋರ್ಡ್ಸ್: ನಾನು ಓದುವ ಬಗೆ

ಪತ್ತೇದಾರಿ ಕಥೆಗಳ ಥೀಮ್ ಇರುವ ಟ್ಯಾರೋ ಡೆಕ್‌ನಲ್ಲಿ (ಪ್ರಶ್ನೆಗೆ ಉತ್ತರ ಹುಡುಕಲು ಓದುವ ಚಿತ್ರದ ಕಾರ್ಡುಗಳ ಕಟ್ಟಿನಲ್ಲಿ) ಒಂದು ತೊಡಕಿದೆ. ಚಿತ್ರ ನೋಡಿದ ಕೂಡಲೇ ಕಥೆ ಹೊಳೆದುಬಿಡುತ್ತದೆ, ಕಾರ್ಡ್ ಮರೆತುಹೋಗುತ್ತದೆ. ಅದಕ್ಕೇ ಡೆಕ್ ಜೊತೆ ಬಂದ ಕೈಪಿಡಿ ತೆರೆಯುವ ಮೊದಲು ಅದೇ ಕಾರ್ಡಿನ ರೈಡರ್-ವೇಟ್ ರೂಪವನ್ನು ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. 1909ರಲ್ಲಿ ಲಂಡನ್ನಿನಲ್ಲಿ ಬಂದ, ಎ. ಇ. ವೇಟ್ ರೂಪಿಸಿ ಪಮೇಲಾ ಕೋಲ್ಮನ್ ಸ್ಮಿತ್ ಬಿಡಿಸಿದ ಆ 78 ಚಿತ್ರಗಳನ್ನೇ ಹೆಚ್ಚಿನ ಥೀಮ್ ಡೆಕ್‌ಗಳು ಬೇರೆ ವೇಷದಲ್ಲಿ ತೋರಿಸುವುದು.

ಸೆವೆನ್ ಆಫ್ ಸ್ವೋರ್ಡ್ಸ್, ಅಂದರೆ ಏಳು ಕತ್ತಿಗಳ ಕಾರ್ಡ್, ತಗೊಳ್ಳಿ. ನನ್ನ ಡೆಕ್‌ನಲ್ಲಿ ಮಳೆಯ ರಾತ್ರಿ. ಕೈಗವಸು ತೊಟ್ಟವನೊಬ್ಬ ಚೀಲ ಹೊತ್ತು ಕಿಟಕಿಯಿಂದ ಇಳಿಯುತ್ತಿದ್ದಾನೆ, ಒಳಗೆ ಮೇಜಿನ ಮೇಲೆ ಎರಡು ಕಾಗದ. ಕಾಣುವ ವಸ್ತುಗಳನ್ನಷ್ಟೇ ಮೊದಲು ಬರೆದುಕೊಳ್ಳುತ್ತೇನೆ: ಗಂಡಸು, ಚೀಲ, ಕಿಟಕಿ, ಮಳೆ, ಕಾಗದ. ‘ಕಳ್ಳ’ ಎಂದು ಬರೆದರೆ ತೀರ್ಪು ಕೊಟ್ಟ ಹಾಗಾಯಿತು, ಆಮೇಲೆ ಕಣ್ಣು ಬೇರೇನನ್ನೂ ಹುಡುಕುವುದಿಲ್ಲ.

ಈಗ ಮೂಲ ಚಿತ್ರ. ಅಲ್ಲಿ ರಾತ್ರಿಯಿಲ್ಲ, ಆಕಾಶ ಹಳದಿ. ಹಿಂದೆ ಡೇರೆಗಳು, ದೂರದಲ್ಲಿ ಸಣ್ಣದಾಗಿ ಕಾಣುವ ಜನ. ಅವನು ಐದು ಕತ್ತಿಗಳನ್ನು ಅಲಗಿನಲ್ಲೇ, ಬರಿಗೈಯಲ್ಲಿ ಹಿಡಿದಿದ್ದಾನೆ. ಎರಡು ನೆಲದಲ್ಲಿ ನೆಟ್ಟಿವೆ. ವೇಟ್ ಕೊಟ್ಟ ಅರ್ಥಗಳಲ್ಲಿ ಆತ್ಮವಿಶ್ವಾಸವೂ ಇದೆ, ಕೈಕೊಡಬಹುದಾದ ಉಪಾಯವೂ ಇದೆ. ಹಾಡಹಗಲಿನ ಆ ಧೈರ್ಯವನ್ನು ಥೀಮ್ ಡೆಕ್‌ನ ಕತ್ತಲು ನುಂಗಿಹಾಕಿದೆ. ಕೈಗವಸು ಬಂದದ್ದರಿಂದ, ಹಿಡಿದವನ ಕೈಯೇ ಕುಯ್ಯುತ್ತದೆ ಎಂಬ ಸುಳಿವೂ ಹೋಯಿತು. ಕಲಾವಿದ ಬಿಟ್ಟದ್ದನ್ನು ನಾನು ಓದುವಾಗ ವಾಪಸ್ ಸೇರಿಸಿಕೊಳ್ಳುತ್ತೇನೆ. ಉಳಿಸಿಕೊಂಡದ್ದಕ್ಕೆ, ಅಂದರೆ ಹಿಂದೆ ಬಿದ್ದ ಆ ಎರಡಕ್ಕೆ, ಹೆಚ್ಚು ತೂಕ ಕೊಡುತ್ತೇನೆ.

“ಬೇರೆ ಕಡೆ ಕೆಲಸ ಸಿಕ್ಕಿದೆ, ಆಫೀಸಲ್ಲಿ ಈಗಲೇ ಹೇಳೋದಾ?” ಎಂಬ ಪ್ರಶ್ನೆಗೆ ಈ ಕಾರ್ಡ್ ಬಂತೆನ್ನಿ. ‘ಮೋಸ ಆಗುತ್ತೆ’ ಅನ್ನುವುದು ಸೋಮಾರಿ ಓದು. ನಾನು ತಿರುಗಿ ಕೇಳುವುದು, ಸದ್ದಿಲ್ಲದೆ ಹೊರಟರೆ ಅಲ್ಲಿ ಏನು ಉಳಿಯುತ್ತದೆ? ರಿಲೀವಿಂಗ್ ಲೆಟರ್, ಬಾಕಿ ಸಂಬಳ, ನೋಟಿಸ್ ಅವಧಿ ಎಂದು ಕೇಳಿದವರೇ ಹೇಳಲು ಶುರುಮಾಡುತ್ತಾರೆ. ಹಿಂದಿನದು, ಈಗಿನದು, ಮುಂದಿನದು ಎಂದು ಮೂರು ಕಾರ್ಡ್ ಸಾಲಾಗಿ ಹಾಸುವ ಸ್ಪ್ರೆಡ್‌ನಲ್ಲಿ ಇದು ಮೊದಲ ಜಾಗದಲ್ಲಿದ್ದರೆ ಆಗಲೇ ಬಿಟ್ಟುಬಂದದ್ದು, ಕೊನೆಯಲ್ಲಿದ್ದರೆ ಮುಂದೆ ಬಿಟ್ಟುಹೋಗಬಹುದಾದದ್ದು.

ತಲೆಕೆಳಗಾಗಿ ಬಂದರೆ ಪತ್ತೇದಾರಿ ಡೆಕ್ ಓದುವವರು ‘ಸಿಕ್ಕಿಬಿದ್ದ’ ಎಂದು ಥಟ್ಟನೆ ಹೇಳಿಬಿಡುತ್ತಾರೆ. ವೇಟ್ ಹೇಳುವುದು ಒಳ್ಳೆಯ ಸಲಹೆ, ಜೊತೆಗೆ ಚಾಡಿಮಾತು. ಕೆಲಸದ ಪ್ರಶ್ನೆಗೆ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ: ತಿಳಿದವರೊಬ್ಬರನ್ನು ಕೇಳಿ, ಕ್ಯಾಂಟೀನಿನಲ್ಲಿ ಬಾಯಿಬಿಡಬೇಡಿ.

“ಸರ ಯಾರು ಕದ್ದರು?” ಎಂದು ಕೇಳಿಕೊಂಡು ಬಂದವರಿಗೆ ಈ ಡೆಕ್ ಬಿಚ್ಚುವುದೇ ಇಲ್ಲ. ಚಿತ್ರದಲ್ಲಿರುವವನ ಮುಖ ಅವರಿಗೆ ಮೊದಲೇ ಗುಮಾನಿ ಇದ್ದವರ ಹಾಗೇ ಕಾಣುತ್ತದೆ. ಪಾಪ, ಹೆಚ್ಚಾಗಿ ಅದು ಮನೆಕೆಲಸದವರ ಮೇಲೆಯೇ ಇರುತ್ತದೆ.