ಒನ್‌ಟ್ಯಾಪ್ ಅಪ್‌ಗ್ರೇಡ್ ಮಾಡುವ ಮುಂಚೆ ಒಮ್ಮೆ ಓದಿ

ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪದ ಕಡೆ ಆಫೀಸುಗಳಲ್ಲಿ ನೆಟ್‌ಆ್ಯಪ್ ಕಂಪನಿಯ ಸ್ಟೋರೇಜ್ (ಡೇಟಾ ಇಡುವ ಮಷೀನು) ನೋಡಿಕೊಳ್ಳುವ ಗೆಳೆಯರಿಗೆ ಒಂದು ಮಾತು.

ಹಳೆಯ ಮಷೀನುಗಳಲ್ಲಿ ಅವನ್ನು ನಡೆಸುವ ಸಾಫ್ಟ್‌ವೇರ್ ಒನ್‌ಟ್ಯಾಪ್ ಇನ್ನೂ 9.6 ಇದ್ದರೆ, ಅಪ್‌ಗ್ರೇಡ್ ಆದಮೇಲೆ ಸಿಸ್ಟಂ ಮ್ಯಾನೇಜರ್ (ಬ್ರೌಸರ್‌ನಲ್ಲಿ ಸ್ಟೋರೇಜ್ ನಿರ್ವಹಿಸುವ) ಪರದೆ ಪೂರ್ತಿ ಬೇರೆಯೇ ಕಾಣುತ್ತದೆ. 9.7ರಲ್ಲಿ ಹಳೆಯ ಪರದೆಗೆ ವಾಪಸ್ ಹೋಗುವ ಬಟನ್ ಇದೆ. 9.8ರಲ್ಲಿ ಅದೂ ಇಲ್ಲ. ಅದಕ್ಕೇ 9.7 ದಾಟುವ ಮುಂಚೆ ಎರಡೂ ಪರದೆ ತೆರೆದು, ದಿನಾ ಮಾಡುವ ಕೆಲಸಗಳು ಎಲ್ಲಿಗೆ ಹೋಗಿವೆ ಅಂತ ನೋಡಿ ಬರೆದಿಟ್ಟುಕೊಳ್ಳಿ.

ಜಾಸ್ತಿ ಗಾಬರಿ ಆಗುವುದು ಅಗ್ರಿಗೇಟ್ (ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸಿದ ಜಾಗ) ವಿಷಯದಲ್ಲಿ. ಹೊಸ ಪರದೆಯಲ್ಲಿ ಆ ಹೆಸರೇ ಕಾಣುವುದಿಲ್ಲ. ಡೇಟಾ ಎಲ್ಲೂ ಹೋಗಿಲ್ಲ. ಎಡಗಡೆ ಮೆನುವಿನಲ್ಲಿ ‘ಸ್ಟೋರೇಜ್’ ಒತ್ತಿ, ‘ಟಿಯರ್ಸ್’ಗೆ ಹೋಗಿ. ಅಲ್ಲಿ ‘ಲೋಕಲ್ ಟಿಯರ್’ ಅಂತ ಇರುವುದೇ ಅದು. ಕಮಾಂಡ್ ಲೈನ್‌ನಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ. ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಆಗಿ ‘ಸ್ಟೋರೇಜ್ ಅಗ್ರಿಗೇಟ್ ಶೋ’ ಕೊಟ್ಟು ಒಮ್ಮೆ ತಾಳೆ ನೋಡಿದರೆ ನಿಮಗೂ ಧೈರ್ಯ, ಮೇಲಿನವರಿಗೂ ಉತ್ತರ ಕೊಡಬಹುದು, ಅಲ್ವಾ? ಸ್ನ್ಯಾಪ್‌ಮಿರರ್ (ಡೇಟಾವನ್ನು ಇನ್ನೊಂದು ಕಡೆಗೆ ನಕಲು ಮಾಡುವ ಸೌಲಭ್ಯ) ಬೇಕಿದ್ದರೆ ‘ಪ್ರೊಟೆಕ್ಷನ್’ ಕೆಳಗೆ ‘ರಿಲೇಷನ್‌ಶಿಪ್ಸ್’ ನೋಡಿ.

ಪರದೆ ಅರ್ಧ ಹಳೆಯದು ಅರ್ಧ ಹೊಸದು ಕಂಡರೆ ಬ್ರೌಸರ್ ಕ್ಯಾಶ್ ಅಳಿಸಿ, ಮತ್ತೆ ತೆರೆಯಿರಿ.

ಇನ್ನು ನಮ್ಮ ಊರಿನ ಮಾತು. ಜೂನ್‌ನಿಂದ ಆಗಸ್ಟ್‌ವರೆಗೆ ಈ ಕೆಲಸಕ್ಕೆ ಕೈ ಹಾಕಬೇಡಿ. ಮಳೆಗಾಳಿಗೆ ಮರ ಬಿದ್ದು ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಕಾಫಿ ಕ್ಯೂರಿಂಗ್ ಆಫೀಸಿನವರು ಕೊಯ್ಲಿನ ಸಮಯವನ್ನೂ ಬಿಡಿ. ಮಾರ್ಚ್ ಲೆಕ್ಕ ಮುಗಿದ ಮೇಲೆ, ಏಪ್ರಿಲ್‌ನಲ್ಲಿ ಒಂದು ಭಾನುವಾರ ಇಟ್ಟುಕೊಳ್ಳಿ. ಯುಪಿಎಸ್ ಬ್ಯಾಟರಿ ಹಿಂದಿನ ದಿನವೇ ಪರೀಕ್ಷೆ ಮಾಡಿ.