ಪಂಚಾಯಿತಿ ಯೋಜನೆಯಲ್ಲಿ ನಮ್ಮ ವಿದ್ಯಾರ್ಥಿಗಳು

ನಾನು ತುಮಕೂರು ಜಿಲ್ಲೆಯ ಕಾಲೇಜೊಂದರಲ್ಲಿ ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ತರಗತಿಗೆ ಪಾಠ ಮಾಡುತ್ತೇನೆ. ನಮ್ಮ ವಿದ್ಯಾರ್ಥಿಗಳಿಗೆ ಗ್ರಾಮೀಣ ಶಿಬಿರ ಕಡ್ಡಾಯ. ಶಿಬಿರ ಅಂದರೆ ಗೊತ್ತಲ್ಲ, ಸರ್ಕಾರಿ ಶಾಲೆಯಲ್ಲಿ ವಾಸ್ತವ್ಯ, ಬೆಳಗ್ಗೆ ಶ್ರಮದಾನ, ಸಂಜೆ ಬೀದಿನಾಟಕ, ಕೊನೇ ದಿನ ಸಮಾರೋಪ. ನಡುವೆ ಒಂದು ಸರ್ವೆ. ಅದರ ವರದಿ ಸ್ಪೈರಲ್ ಬೈಂಡಿಂಗ್ ಆಗಿ ವಿಭಾಗದ ಬೀರು ಸೇರುತ್ತದೆ. ಊರಿನವರು ಅದನ್ನು ಕಣ್ಣಲ್ಲೂ ನೋಡಿರುವುದಿಲ್ಲ.

ಇದೇ ಕೆಲಸವನ್ನು ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಯೋಜನೆಗೆ ಜೋಡಿಸಬೇಕು ಅಂತ ಹೊರಟಾಗ ನಾವು ಮೊದಲು ನೋಡಿದ್ದು ಕ್ಯಾಲೆಂಡರ್. 2018ರಿಂದ ದೇಶದ ಪಂಚಾಯಿತಿಗಳಲ್ಲಿ ಜನಯೋಜನೆ ಅಭಿಯಾನ ನಡೆಯುತ್ತಿದೆ. ಸಾಮಾನ್ಯವಾಗಿ ಅಕ್ಟೋಬರ್ 2ಕ್ಕೆ ಶುರು. ವಾರ್ಡ್ ಸಭೆ, ಗ್ರಾಮಸಭೆ ಮುಗಿಸಿ ಮುಂದಿನ ವರ್ಷದ ಯೋಜನೆಯನ್ನು ಕೇಂದ್ರ ಸರ್ಕಾರದ ಇ-ಗ್ರಾಮಸ್ವರಾಜ್ ಪೋರ್ಟಲ್‌ಗೆ ಏರಿಸಬೇಕು. ನಮ್ಮ ಶಿಬಿರವೋ, ಫೆಬ್ರವರಿಯಲ್ಲಿ! ಮದುವೆ ಮುಗಿದ ಮೇಲೆ ವಾಲಗ ಊದಿದ ಹಾಗೆ. ಶಿಬಿರವನ್ನು ಅಕ್ಟೋಬರ್‌ಗೆ ಎಳೆದುಕೊಂಡೆವು. ಪರೀಕ್ಷೆ, ರಜೆ ಎಲ್ಲದರ ಜೊತೆ ಒಂದಿಷ್ಟು ಗುದ್ದಾಟ ಆಯಿತು, ಅದಿರಲಿ.

ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕಂಡಾಗ ಅವರು ಹೇಳಿದ್ದು ಇಷ್ಟು: "ಸರ್ವೆ ಮಾತ್ರ ಬೇಡ ಮೇಡಂ, ಬೇಕಾದಷ್ಟಿವೆ. ವಾರ್ಡ್ ಸಭೆಗೆ ಜನ ಬರೋ ಹಾಗೆ ಮಾಡಿ, ನಡಾವಳಿ ಬರೆಯೋಕೆ ನಿಮ್ಮ ಹುಡುಗರನ್ನ ಕೊಡಿ." ಇದಕ್ಕಿಂತ ಒಳ್ಳೆಯ ಅಸೈನ್‌ಮೆಂಟ್ ನನಗೆ ಹೊಳೆಯುತ್ತಿರಲಿಲ್ಲ.

ಸಭೆಗೂ ಮೊದಲು ಊರಿನ ನಕ್ಷೆ ಬಿಡಿಸಿದೆವು. ಕಾಗದದ ಮೇಲಲ್ಲ, ನೆಲದ ಮೇಲೆ, ರಂಗೋಲಿ ಪುಡಿಯಲ್ಲಿ. ಅರಳಿಕಟ್ಟೆ ಹತ್ತಿರ ಗಂಡಸರು ಬಿಡಿಸಿದ ನಕ್ಷೆಯಲ್ಲಿ ರಸ್ತೆ, ದೇವಸ್ಥಾನ, ಡೇರಿ, ಕೆರೆ ಎಲ್ಲ ಇತ್ತು. ಕಾಲನಿಯ, ಅಂದರೆ ದಲಿತರ ಕೇರಿಯ, ಮನೆಗಳು ಮೂಲೆಯಲ್ಲಿ ನಾಲ್ಕು ಚುಕ್ಕಿ. ಅದಕ್ಕೇ ಕಾಲನಿಯೊಳಗೇ ಇನ್ನೊಂದು ನಕ್ಷೆ ಬಿಡಿಸಬೇಕು. ಅಲ್ಲಿಯವರು ಕಟ್ಟೆ ಹತ್ತಿರ ಬಂದು ಕೂತು ಮಾತಾಡುತ್ತಾರೆ ಅಂದುಕೊಳ್ಳುವುದು ಸುಮ್ನೆ. ಹೆಂಗಸರನ್ನು ಹಗಲಲ್ಲಿ ಹುಡುಕಬೇಡಿ, ಹೊಲದಲ್ಲಿರುತ್ತಾರೆ. ಸಂಜೆ ಡೇರಿಗೆ ಹಾಲು ಹಾಕಲು ಬಂದಾಗ, ಇಲ್ಲವೇ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಸಿಗುತ್ತಾರೆ. ಕಾಲನಿಯ ಹೆಂಗಸರ ನಕ್ಷೆಯಲ್ಲಿ ದೇವಸ್ಥಾನಕ್ಕಿಂತ ನಲ್ಲಿಗಳೇ ಜಾಸ್ತಿ ಇದ್ದವು. ಯಾವ ನಲ್ಲಿಯಲ್ಲಿ ನೀರು ಬರುತ್ತದೆ, ಯಾವುದರಲ್ಲಿ ಬರೋದಿಲ್ಲ ಅಂತ ಬಣ್ಣ ಬೇರೆ ಮಾಡಿ ತೋರಿಸಿದರು.

ನೀರಿಗೆ ಎಲ್ಲರ ಬೇಡಿಕೆ ಒಂದೇ, ಹೊಸ ಬೋರ್‌ವೆಲ್. ನಮ್ಮ ಕಡೆ ನೀರಿನ ಮಾತು ಬಂದರೆ ಬೋರ್‌ವೆಲ್ ಬಿಟ್ಟು ಬೇರೆ ಉತ್ತರ ಯಾರ ಬಾಯಲ್ಲೂ ಬರುವುದಿಲ್ಲ. ಎಷ್ಟೋ ಕಡೆ ಆಳಕ್ಕೆ ಹೋದಷ್ಟೂ ಫ್ಲೋರೈಡ್ ಕಾಟ ಬೇರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವ ಮಿತಿ ಇದೆ.

ಇಬ್ಬರು ವಿದ್ಯಾರ್ಥಿಗಳನ್ನು ಊರಿಗೆ ನೀರು ಬಿಡುವ ನೀರುಗಂಟಿಯ ಹಿಂದೆ ಕಳಿಸಿದೆ. ಬೆಳಗಿನ ಜಾವ ಅವರು ವಾಲ್ವ್ ತಿರುಗಿಸುವುದರಿಂದ ಹಿಡಿದು ನೀರು ನಿಲ್ಲಿಸುವವರೆಗೆ ಜೊತೆಗಿರುವುದು, ಬೀದಿ ಬೀದಿಯಲ್ಲಿ ಒಂದು ಕೊಡ ತುಂಬಲು ಎಷ್ಟು ಹೊತ್ತು ಬೇಕು ಅಂತ ಮೊಬೈಲ್ ನೋಡಿ ಬರೆದುಕೊಳ್ಳುವುದು. ಟ್ಯಾಂಕ್ ಹತ್ತಿರದ ಬೀದಿಯಲ್ಲಿ ಮಾತು ಮುಗಿಯುವಷ್ಟರಲ್ಲಿ ಕೊಡ ತುಂಬುತ್ತಿತ್ತು. ಕಾಲನಿಯ ಕೊನೆಯ ಮನೆಗಳಲ್ಲಿ ಸಣ್ಣ ಎಳೆ, ಆಮೇಲೆ ಅದೂ ಇಲ್ಲ. ಟ್ಯಾಂಕ್‌ನಲ್ಲಿ ನೀರಿತ್ತು, ಕೊನೆಯವರೆಗೆ ಹೋಗುತ್ತಿರಲಿಲ್ಲ, ಅಷ್ಟೇ. ಟ್ಯಾಂಕ್ ಹತ್ತಿರದ ಬೀದಿಗಳೂ ಕಾಲನಿಯೂ ಒಂದೇ ಲೈನ್ ಮೇಲಿದ್ದವು. ನಡುವೆ ಒಂದು ಗೇಟ್ ವಾಲ್ವ್ ಕೂರಿಸಿ ಸರದಿ ಪ್ರಕಾರ ಬಿಟ್ಟರೆ ಸಾಕು. "ನಾನು ಇದನ್ನೇ ಹೇಳ್ತಾ ಬಂದಿದೀನಿ, ಯಾರು ಕೇಳ್ತಾರೆ?" ಅಂದರು ನೀರುಗಂಟಿ. ವಿದ್ಯಾರ್ಥಿಗಳ ಪಟ್ಟಿ ಕೈಯಲ್ಲಿದ್ದ ಕಾರಣ ವಾರ್ಡ್ ಸಭೆಯಲ್ಲಿ ಈ ಸಲ ಜನ ಅವರ ಮಾತು ಕೇಳಿದರು. ಮೊದಲು ಗಲಾಟೆ ಆಯಿತು, ಬೋರ್‌ವೆಲ್ ತಪ್ಪಿಸೋಕೆ ಬಂದಿದ್ದಾರೆ ಅಂತ. ಬೀದಿವಾರು ನಿಮಿಷಗಳನ್ನು ಗಟ್ಟಿಯಾಗಿ ಓದಿಸಿದ ಮೇಲೆ ತಣ್ಣಗಾಯಿತು.

ಇಲ್ಲಿಗೆ ಅರ್ಧ ಕೆಲಸ. ಬೇಡಿಕೆಯನ್ನು ಕಾಮಗಾರಿಯ ಭಾಷೆಗೆ ತರಬೇಕು: ಜಾಗ, ಅಳತೆ, ಎಂಜಿನಿಯರ್ ಅಂದಾಜು, ಯಾವ ಅನುದಾನ. 15ನೇ ಹಣಕಾಸು ಆಯೋಗದ ಪ್ರಕಾರ ಕೇಂದ್ರದಿಂದ ಪಂಚಾಯಿತಿಗೆ ಬರುತ್ತಿದ್ದ ಹಣದಲ್ಲಿ 2021-22ರಿಂದ ಐದು ವರ್ಷ ಶೇ 60 ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು. ಹಾಗಾಗಿ ವಾಲ್ವ್‌ನ ಖರ್ಚು ಅದರಲ್ಲಿ ಸಲೀಸಾಗಿ ಕೂತಿತು. ಉಳಿದ ಶೇ 40ಕ್ಕೆ ಪೈಪೋಟಿ ಜಾಸ್ತಿ ಇತ್ತು. ಬೀದಿದೀಪ, ಸಿಸಿ (ಕಾಂಕ್ರೀಟ್) ರಸ್ತೆ ಎಲ್ಲ ಅದರ ಮೇಲೇ ಬೀಳುತ್ತಿದ್ದವು. ಇನ್ನು ಬಸ್ಸು, ಶಾಲೆಗೆ ಮೇಷ್ಟ್ರು ಇಂಥವು ಪಂಚಾಯಿತಿ ಕೈಯಲ್ಲಿಲ್ಲ. ಅವನ್ನು ಬೇರೆ ಪಟ್ಟಿ ಮಾಡಿ, ಠರಾವಿನ ಜೊತೆ ಆಯಾ ಇಲಾಖೆಗೆ ಪತ್ರ ಬರೆಸಿದೆವು. ಹೀಗೆ ವಿಂಗಡಿಸಲು ಕಲಿತ ವಿದ್ಯಾರ್ಥಿ ಪಠ್ಯದ ಪಂಚಾಯತ್ ರಾಜ್ ಅಧ್ಯಾಯವನ್ನು ಮತ್ತೆ ಓದಬೇಕಾಗಿಲ್ಲ.

ಅಂಕ ಕೊಡುವುದನ್ನೂ ಬದಲಿಸಿದೆ. ವರದಿಯ ದಪ್ಪಕ್ಕೆ ಅಂಕವಿಲ್ಲ. ನಡಾವಳಿ ಓದುವ ಹಾಗಿದೆಯಾ, ಕಾಮಗಾರಿ ವಿವರ ಪಿಡಿಒ ಹಾಗೇ ಬಳಸಬಹುದಾ, ಇಷ್ಟೇ ನೋಡುತ್ತೇನೆ. ಕಾಲೇಜಿಗೆ ಜಿಯೋ ಟ್ಯಾಗ್ ಮಾಡಿದ, ಅಂದರೆ ಜಾಗದ ಗುರುತಿರುವ ಫೋಟೊ ಬೇಕು, ಅದನ್ನೂ ಕೊಡುತ್ತೇವೆ.

ಆ ವರ್ಷ ವಾಲ್ವ್ ಯೋಜನೆಗೆ ಸೇರಿತು. ಕಾಲನಿಯವರು ಕೇಳಿದ್ದ ಚರಂಡಿ ಸೇರಲಿಲ್ಲ. ಗ್ರಾಮಸಭೆಯಲ್ಲಿ ಮುಖ್ಯ ಬೀದಿಯ ಸಿಸಿ ರಸ್ತೆ ಅದನ್ನು ಹಿಂದಕ್ಕೆ ತಳ್ಳಿತು. ಯಾರ ದನಿ ದೊಡ್ಡದೋ ಅವರ ಕೆಲಸ ಮುಂದೆ. ಶಿಬಿರದ ಒಂದು ವಾರದಲ್ಲಿ ಅದನ್ನು ಬದಲಿಸಲು ಆಗುವುದಿಲ್ಲ. ಅದಕ್ಕೇ ಈಗ ಪ್ರತಿ ಹೊಸ ಬ್ಯಾಚಿಗೂ ಮೊದಲ ಕೆಲಸ, ಪೋರ್ಟಲ್‌ನಲ್ಲಿ ಹಿಂದಿನ ವರ್ಷದ ಯೋಜನೆ ತೆಗೆದು ಓದುವುದು. ಅದನ್ನು ಯಾರು ಬೇಕಾದರೂ ನೋಡಬಹುದು, ಲಾಗಿನ್ ಬೇಕಿಲ್ಲ. ಏನು ಆಯಿತು, ಏನು ಉಳಿಯಿತು ಅಂತ ಗುರುತು ಹಾಕಿಕೊಂಡು ಅದೇ ಪಂಚಾಯಿತಿಗೆ ಹೋಗುತ್ತೇವೆ. ಚರಂಡಿ ಈ ಸಲವೂ ಪಟ್ಟಿಯ ಮೊದಲಲ್ಲಿದೆ.