ಎರಡು ಟಿವಿ, ಎಂಟು ಜನ, ಹತ್ತೊಂಬತ್ತು ಗಂಟೆ ಮಾರಿಯೋ

2024ರ ಜನವರಿ 13, ಶನಿವಾರ. ಅಮೆರಿಕದ ಮಿನೆಸೋಟದಲ್ಲಿ ಹೊರಗೆ ಮೈ ಕೊರೆಯುವ ಚಳಿ. ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಆಡುವವರು ಎಂಟು ಜನ, ಎರಡು ಹಳೇ ಡಬ್ಬಾ ಟಿವಿ, ಟಿವಿಗೆ ಸಿಕ್ಕಿಸಿ ಆಡುವ ಎರಡು ಸೂಪರ್ ನಿಂಟೆಂಡೋ ಕನ್ಸೋಲ್. ಬೆಳಿಗ್ಗೆ 8ಕ್ಕೆ ಆಟ ಶುರು ಮಾಡಿ, ಅದನ್ನು ಇಂಟರ್ನೆಟ್ಟಿನಲ್ಲಿ ನೇರ ತೋರಿಸುತ್ತಾ ನೋಡುವವರಿಂದ ದೇಣಿಗೆ ಕೇಳಿದೆವು. ಮುಗಿದಾಗ ಭಾನುವಾರ ಬೆಳಗಿನ ಜಾವ 3 ಗಂಟೆ. ಅಷ್ಟರಲ್ಲಿ ಕಷ್ಟದಲ್ಲಿರುವ ದೇಶಗಳಿಗೆ ಹೋಗಿ ಚಿಕಿತ್ಸೆ ಕೊಡುವ ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆಗೆ 3,412 ಡಾಲರ್ ಸೇರಿತ್ತು. ನಾವು ಇಟ್ಟುಕೊಂಡಿದ್ದ ಗುರಿ 1,500.

ಇದನ್ನು ಹೇಗೆ ಮಾಡಿದಿರಿ ಅಂತ ಬೇರೆ ಊರಿನ ಕನ್ನಡದ ಗೆಳೆಯರು ಕೇಳುತ್ತಲೇ ಇದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಆಸೆ ಹುಟ್ಟಿದ್ದು ಅದಕ್ಕೆ ಏಳೆಂಟು ತಿಂಗಳು ಮುಂಚೆ. 2023ರ ಬೇಸಿಗೆಯಲ್ಲಿ ಸಮರ್ ಗೇಮ್ಸ್ ಡನ್ ಕ್ವಿಕ್ ನಮ್ಮ ಮಿನಿಯಾಪೊಲಿಸ್‌ನಲ್ಲೇ ನಡೆಯಿತು. ವಾರವಿಡೀ ಹಗಲೂ ರಾತ್ರಿ ಒಬ್ಬರಾದ ಮೇಲೆ ಒಬ್ಬರು ಕೂತು ಗೇಮ್‌ಗಳನ್ನು ಆದಷ್ಟು ಬೇಗ ಮುಗಿಸುತ್ತಾರೆ, ನೋಡುವವರು ಹಣ ಕೊಡುತ್ತಾರೆ. ಆ ಒಂದು ವಾರದಲ್ಲಿ 20 ಲಕ್ಷ ಡಾಲರ್‌ಗಿಂತ ಜಾಸ್ತಿ ಕೂಡಿತು. ಎಲ್ಲವೂ ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್‌ಗೆ. ನಾನು ಎರಡು ದಿನ ಹೋಗಿ ಕೂತಿದ್ದೆ. ನನಗೆ ಹಿಡಿಸಿದ್ದು ಆಡುವವರ ವೇಗಕ್ಕಿಂತ ಅವರ ಹಿಂದಿನ ಸೋಫಾ. ಆಡುವವನ ಬೆನ್ನ ಹಿಂದೆ ಮೂರು ನಾಲ್ಕು ಜನ ಗೆಳೆಯರು ಕೂತಿರುತ್ತಾರೆ. ಈಗ ಏನು ಮಾಡ್ತಾನೆ, ಯಾಕೆ ಕಷ್ಟ, ಎಲ್ಲಿ ತಪ್ಪಬಹುದು ಅಂತ ಬಿಡಿಸಿ ಹೇಳುತ್ತಿರುತ್ತಾರೆ. ಆ ಮಾತು ಇಲ್ಲದಿದ್ದರೆ ನನ್ನ ಹೆಂಡತಿಯಂಥವರಿಗೆ ಏನೂ ಅರ್ಥವಾಗುತ್ತಿರಲಿಲ್ಲ. ಮಾತು ಇತ್ತು, ಅವಳು ಮೂರು ಗಂಟೆ ಅಲ್ಲಾಡದೆ ಕೂತಳು.

ಈ ಗೇಮ್ಸ್ ಡನ್ ಕ್ವಿಕ್‌ನವರೂ ಸಣ್ಣದಾಗಿಯೇ ಶುರು ಮಾಡಿದವರು. 2010ರ ಜನವರಿಯಲ್ಲಿ ಮೊದಲ ಮ್ಯಾರಥಾನ್ ಒಂದು ಉತ್ಸವದ ಜಾಗದಲ್ಲಿ ಆಗಬೇಕಿತ್ತು. ಅಲ್ಲಿ ಇಂಟರ್ನೆಟ್ ಕೈಕೊಟ್ಟಿತು. ಕೊನೆಗೆ ನಡೆಸುವವರೊಬ್ಬರ ಅಮ್ಮನ ಮನೆಯ ಬೇಸ್‌ಮೆಂಟಿನಲ್ಲಿ ಮಾಡಿದರು. ಆಗ ಬಡವರಿಗೆ ನೆರವಾಗುವ ಕೇರ್ ಸಂಸ್ಥೆಗೆ 10 ಸಾವಿರ ಡಾಲರ್‌ಗಿಂತ ಸ್ವಲ್ಪ ಜಾಸ್ತಿ ಸೇರಿತ್ತು. ಬೇಸ್‌ಮೆಂಟ್ ನಮ್ಮ ಮನೆಯಲ್ಲೂ ಇದೆ ಅಲ್ವಾ ಅನ್ನಿಸಿತು.

ಗೇಮ್ ಯಾವುದು ಅನ್ನುವುದಕ್ಕೆ ಚರ್ಚೆಯೇ ಆಗಲಿಲ್ಲ. ತೊಂಬತ್ತರ ದಶಕದಲ್ಲಿ ಕರ್ನಾಟಕದಲ್ಲಿ ಬೆಳೆದ ನಮ್ಮಂಥವರಿಗೆಲ್ಲ ವಿಡಿಯೋ ಗೇಮ್ ಅಂದರೆ ಮಾರಿಯೋ. ನಾನು ಭದ್ರಾವತಿಯವನು. ಟಿವಿಗೆ ಸಿಕ್ಕಿಸುವ ನಕಲಿ ಪೆಟ್ಟಿಗೆ, ಹಳದಿ ಕ್ಯಾಸೆಟ್, ಗಂಟೆ ಲೆಕ್ಕದ ಬಾಡಿಗೆ. ಕ್ಯಾಸೆಟ್ ಓಡದಿದ್ದರೆ ಬಾಯಿಂದ ಊದುವುದು, ಕೊನೇ ಲೆವೆಲ್ಲಿಗೆ ಬರುವ ಹೊತ್ತಿಗೆ ಕರೆಂಟ್ ಹೋಗುವುದು. ನಮ್ಮ ಎಂಟು ಜನರಲ್ಲಿ ಆರು ಜನರ ಕಥೆ ಇದೇ. ಉಳಿದಿಬ್ಬರು ಇಲ್ಲೇ ಹುಟ್ಟಿದ ಮಕ್ಕಳು. ಒಬ್ಬಳು ಪಕ್ಕದ ಬೀದಿಯ ಮಂಡ್ಯದವರ ಮಗಳು, ಹದಿನಾರು ವರ್ಷ. ಎಂಟು ಜನರಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವಳು ಅವಳೇ.

ತಲಾ ನಾಲ್ಕು ಜನರ ಎರಡು ತಂಡ. ಹೆಸರು ತುಂಗಾ, ಭದ್ರಾ. ಐದು ಗೇಮ್: 1985ರ ಸೂಪರ್ ಮಾರಿಯೋ ಬ್ರದರ್ಸ್, ಲಾಸ್ಟ್ ಲೆವೆಲ್ಸ್, ಮಾರಿಯೋ 2, ಮಾರಿಯೋ 3, ಕೊನೆಗೆ ಸೂಪರ್ ಮಾರಿಯೋ ವರ್ಲ್ಡ್. ಮೊದಲ ನಾಲ್ಕೂ 1993ರಲ್ಲಿ ಬಂದ ಸೂಪರ್ ಮಾರಿಯೋ ಆಲ್ ಸ್ಟಾರ್ಸ್ ಅನ್ನುವ ಒಂದೇ ಕ್ಯಾಸೆಟ್ಟಿನಲ್ಲಿವೆ. ಹಾಗಾಗಿ ಖರ್ಚು ಕಡಿಮೆ. ಶಾರ್ಟ್‌ಕಟ್ ದಾರಿ ಹಿಡಿಯುವಂತಿಲ್ಲ. ಒಬ್ಬರು ಒಂದು ಗೇಮ್ ಮುಗಿಸಿ ಕಂಟ್ರೋಲರ್ ಮುಂದಿನವರಿಗೆ ಕೊಡಬೇಕು. ಕೊನೆಯ ಗೇಮನ್ನು ನಾಲ್ವರೂ ಸರದಿಯಲ್ಲಿ ಆಡಬೇಕು.

ತಾರೀಖು ಮಾತ್ರ ಬಹಳ ಯೋಚಿಸಿ ಹಿಡಿದದ್ದು. ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ದಿನದ ರಜೆ, ಅದೇ ದಿನ ಸಂಕ್ರಾಂತಿ. ನಿದ್ದೆಗೆ ಭಾನುವಾರ, ಹಬ್ಬಕ್ಕೆ ಸೋಮವಾರ. ಇನ್ನೊಂದು ಲೆಕ್ಕವೂ ಇತ್ತು. ಚಳಿಗಾಲದಲ್ಲಿ ನಮಗೂ ಭಾರತಕ್ಕೂ ಹನ್ನೊಂದೂವರೆ ಗಂಟೆ ವ್ಯತ್ಯಾಸ. ನಮ್ಮ ಬೆಳಿಗ್ಗೆ 8 ಅಂದರೆ ಊರಲ್ಲಿ ಶನಿವಾರ ಸಂಜೆ ಏಳೂವರೆ. ನಮ್ಮ ನಡುರಾತ್ರಿ ಅಂದರೆ ಅಲ್ಲಿ ಭಾನುವಾರ ಬೆಳಿಗ್ಗೆ ಹನ್ನೊಂದೂವರೆ, ಎಲ್ಲರೂ ಮನೆಯಲ್ಲೇ ಇರುವ ಹೊತ್ತು. ಇಲ್ಲಿನವರೆಲ್ಲ ಮಲಗಿದ ಮೇಲೆ ನೋಡುವವರೇ ಇಲ್ಲದೆ ಇಂಥ ಮ್ಯಾರಥಾನ್‌ಗಳು ಸೊರಗುತ್ತವೆ. ನಮಗೆ ಆ ಹೊತ್ತಿನಲ್ಲೇ ಶಿವಮೊಗ್ಗ, ತುಮಕೂರು, ಹುಬ್ಬಳ್ಳಿಯ ಮನೆಗಳು ತುಂಬಿಕೊಂಡವು.

ಸಾಮಾನಿನ ವಿಷಯ ಬೇಗ ಹೇಳಿಬಿಡುತ್ತೇನೆ. ಹೊಸ ಟಿವಿಯಲ್ಲಿ ಬಟನ್ ಒತ್ತಿದ್ದಕ್ಕೂ ಮಾರಿಯೋ ಹಾರುವುದಕ್ಕೂ ಸಣ್ಣ ಅಂತರ ಬರುತ್ತದೆ. ಅದಕ್ಕೇ ಹಳೇ ಟಿವಿ. ಎರಡನ್ನೂ ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ತಂದೆ. ಕನ್ಸೋಲಿನಿಂದ ಬರುವ ವೈರಿಗೆ ಎರಡು ಕವಲು ಮಾಡಿ ಒಂದು ಟಿವಿಗೆ, ಇನ್ನೊಂದು ಆಟದ ಚಿತ್ರವನ್ನು ಕಂಪ್ಯೂಟರಿಗೆ ಕಳಿಸುವ ಕ್ಯಾಪ್ಚರ್ ಕಾರ್ಡಿಗೆ ಕೊಟ್ಟೆವು. ನೇರ ಪ್ರಸಾರಕ್ಕೆ ಬಳಸುವ ಓಬಿಎಸ್ ಅನ್ನುವ ಸಾಫ್ಟ್‌ವೇರಿನಲ್ಲಿ ಎರಡು ಆಟ ಅಕ್ಕಪಕ್ಕ, ಕೆಳಗೆ ಗಡಿಯಾರ, ಪಕ್ಕದಲ್ಲಿ ಕೂಡಿದ ಹಣ. ಎಲ್ಲವನ್ನೂ ಕಂಪ್ಯೂಟರಿನಲ್ಲೇ ರೆಕಾರ್ಡ್ ಕೂಡ ಮಾಡಿದೆವು. ಇದನ್ನು ಯಾರೂ ಬಿಡಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಣದ ವಿಷಯದಲ್ಲಿ ನನ್ನದು ಒಂದೇ ಹಟ. ಒಂದು ಪೈಸೆಯೂ ನಮ್ಮ ಯಾರ ಅಕೌಂಟಿಗೂ ಬರಬಾರದು. ದೇಣಿಗೆ ಪುಟದಲ್ಲಿ ಕಾರ್ಡ್ ಹಾಕಿದರೆ ಅದು ನೇರ ಸಂಸ್ಥೆಗೆ ಹೋಗಬೇಕು, ರಸೀದಿ ಅವರೇ ಕಳಿಸಬೇಕು. ಗೆಳೆಯರೇ ಆದರೂ ಹಣದ ವಿಷಯದಲ್ಲಿ ಅನುಮಾನಕ್ಕೆ ಜಾಗ ಇರಬಾರದು. ಇಲ್ಲಿನ ಬಹಳ ಕಂಪನಿಗಳು ಕೆಲಸಗಾರರು ಕೊಟ್ಟಷ್ಟೇ ಹಣವನ್ನು ತಾವೂ ಸೇರಿಸುತ್ತವೆ. ಅದನ್ನು ಎರಡು ಗಂಟೆಗೊಮ್ಮೆ ನೆನಪಿಸಿದೆವು. ಆ ಬಾಬ್ತಿನಲ್ಲೇ ಆಮೇಲೆ 1,150 ಡಾಲರ್ ಬಂತು.

ಮೊದಲ ಗೇಮ್ ಒಂದು ಗಂಟೆಯೊಳಗೆ ಎರಡೂ ತಂಡದವರು ಮುಗಿಸಿದರು. ಆಟ ಚೆನ್ನಾಗಿತ್ತು, ವೇಗವಾಗಿತ್ತು. ಹಣ ಬಂದದ್ದು ಕೇವಲ 90 ಡಾಲರ್. ನನಗೆ ಎದೆ ಸ್ವಲ್ಪ ಕುಸಿಯಿತು.

ಆಮೇಲೆ ಲಾಸ್ಟ್ ಲೆವೆಲ್ಸ್ ಬಂತು. ಇದು 1986ರಲ್ಲಿ ಜಪಾನಿನಲ್ಲಿ ಮಾತ್ರ ಬಂದ ಎರಡನೇ ಮಾರಿಯೋ. ಹೊರಗಿನವರಿಗೆ ಸಿಕ್ಕಿದ್ದು 1993ರಲ್ಲಿ, ಆಲ್ ಸ್ಟಾರ್ಸ್ ಕ್ಯಾಸೆಟ್ಟಿನಲ್ಲೇ. ಹೊರಗೆ ಮಾರಿಯೋ 2 ಅನ್ನುವ ಹೆಸರಿನಲ್ಲಿ ಬಂದದ್ದು ಬೇರೆಯೇ ಗೇಮ್. ನೋಡಲು ಮೊದಲನೆಯದರ ಹಾಗೇ ಇದೆ, ಆದರೆ ಆಡುವವರ ಮೇಲೆ ಕರುಣೆಯೇ ಇಲ್ಲ. ವಿಷದ ಅಣಬೆ ಇದೆ. ಜೋರಾಗಿ ಬೀಸುವ ಗಾಳಿ ಇದೆ. ಮುಂದಕ್ಕೆ ಒಯ್ಯಬೇಕಾದ ಪೈಪ್ ಹಿಂದಕ್ಕೆ ಒಯ್ಯುತ್ತದೆ. ನಮ್ಮ ಭದ್ರಾ ತಂಡದಲ್ಲಿ ಇದನ್ನು ಒಪ್ಪಿಕೊಂಡವನು ನನ್ನ ಹುಬ್ಬಳ್ಳಿ ಗೆಳೆಯ.

ಕೊನೆಕೊನೆಯ ಲೆವೆಲ್ ಒಂದರಲ್ಲಿ ಅವನು ಸಿಕ್ಕಿಬಿದ್ದ. ದೊಡ್ಡ ಹಳ್ಳ, ಅಗಲ ಒಂದೇ ನೆಗೆತಕ್ಕೆ ಸಾಲದು. ನಡುವೆ ರೆಕ್ಕೆಯ ಆಮೆ ಹಾರಾಡುತ್ತಿರುತ್ತದೆ. ಓಡಿ ಬಂದು ನೆಗೆದು, ಆ ಆಮೆಯ ಬೆನ್ನು ಮೆಟ್ಟಿ, ಅಲ್ಲಿಂದ ಎರಡನೇ ಸಲ ಚಿಮ್ಮಬೇಕು. ಸೂಪರ್ ನಿಂಟೆಂಡೋ ಕಂಟ್ರೋಲರಿನಲ್ಲಿ ಓಡಲು ವೈ, ನೆಗೆಯಲು ಬಿ. ಹೆಬ್ಬೆರಳ ತುದಿ ವೈ ಮೇಲೆ ಒತ್ತಿಕೊಂಡೇ ಇರಬೇಕು, ಅದೇ ಹೆಬ್ಬೆರಳಿನ ಗೆಣ್ಣನ್ನು ಬಿ ಮೇಲೆ ಹೊರಳಿಸಬೇಕು. ಆಮೆಯನ್ನು ಸರಿಯಾಗಿ ಮೆಟ್ಟಿದರೆ ಮಾತ್ರ ಮಾರಿಯೋ ಮತ್ತೆ ಚಿಮ್ಮುತ್ತಾನೆ. ಬೆರಳು ಒಂದು ಕೂದಲೆಳೆ ತಡವಾದರೆ ಹಳ್ಳ.

ಹತ್ತು ಸಲ ಬಿದ್ದ. ಇಪ್ಪತ್ತು ಸಲ ಬಿದ್ದ. ಸೋಫಾದಲ್ಲಿ ಮೈಕ್ ಹಿಡಿದಿದ್ದವಳು ನನ್ನ ಹೆಂಡತಿ. ಅವಳು ಆಡುವವಳಲ್ಲ. ಹಿಂದಿನ ವಾರವಿಡೀ ಕೂತು ಈ ಗೇಮ್‌ಗಳ ಬಗ್ಗೆ ಕೇಳಿ ಕೇಳಿ ಬರೆದುಕೊಂಡಿದ್ದಳು. ಈಗ ಮೇಲೆ ಬರೆದದ್ದನ್ನೆಲ್ಲ ಸರಳವಾದ ಕನ್ನಡದಲ್ಲಿ ಹೇಳತೊಡಗಿದಳು. "ನೋಡಿ, ಈಗ ಆಮೆ ಕೆಳಗೆ ಬಂತು, ಈಗ ಹೋದರೆ ಸಿಗಲ್ಲ, ಕಾಯ್ತಾ ಇದ್ದಾರೆ, ಈಗ ಓಡಿದರು..." ಭದ್ರಾವತಿಯಲ್ಲಿ ನಮ್ಮ ಅಮ್ಮನಿಗೂ ಅರ್ಥವಾಯಿತು. ಯಾರೋ ಒಬ್ಬರು ಪ್ರತಿ ಲೈಫ್ ಹೋದದ್ದಕ್ಕೂ ಒಂದು ಡಾಲರ್ ಕೊಡ್ತೀನಿ ಅಂದರು. ಅವರ ನೋಡಿ ಇನ್ನಿಬ್ಬರು. ದುಡ್ಡು ಅವರ ಕೈ ಮೀರಬಾರದು ಅಂತ ನಾವೇ ಐವತ್ತಕ್ಕೆ ಮಿತಿ ಹಾಕಿದೆವು. ಗೆಳೆಯ ಮಾತ್ರ ಪರದೆಯಿಂದ ಕಣ್ಣು ತೆಗೆಯದೆ, "ತಡೀರಿ, ಇನ್ನೊಂದ್ ಸಲ ನೋಡೂಣು" ಅನ್ನುತ್ತಲೇ ಇದ್ದ.

ನಲವತ್ತೇಳನೇ ಸಲ ದಾಟಿದ. ಬೇಸ್‌ಮೆಂಟಿನಲ್ಲಿ ತುಂಗಾ ತಂಡದವರೂ ಎದ್ದು ನಿಂತು ಕೂಗಿದರು. ಆ ನಲವತ್ತು ನಿಮಿಷದಲ್ಲಿ ಬಂದ ಹಣ 610 ಡಾಲರ್.

ಅಲ್ಲಿಂದ ಮುಂದೆ ನಾವು ನಡೆಸುವ ರೀತಿಯನ್ನೇ ಬದಲಿಸಿದೆವು. ಆಡುವವರಷ್ಟೇ ಮಾತಾಡುವವರಿಗೂ ಸರದಿ ಹಾಕಿದೆವು, ಎರಡು ಗಂಟೆಗೊಬ್ಬರು. ನೋಡುವವರಿಗೆ ವೇಗ ಕಾಣಿಸುವುದಿಲ್ಲ, ಆಡುವವನು ಏನು ಮಾಡಲು ಹೊರಟಿದ್ದಾನೆ ಅನ್ನುವುದು ಗೊತ್ತಾದರೆ ಮಾತ್ರ ಅವರ ಮನಸ್ಸು ಅವನ ಜೊತೆ ಓಡುತ್ತದೆ. ಹಣ ಎಲ್ಲಿಗೆ ಹೋಗುತ್ತದೆ ಅನ್ನುವುದೂ ಹಾಗೇ. ಸುಮ್ನೆ "ಒಳ್ಳೆಯ ಕೆಲಸಕ್ಕೆ ಕೊಡಿ" ಅಂದರೆ ಯಾರ ಕೈಯೂ ಜೇಬಿಗೆ ಹೋಗುವುದಿಲ್ಲ.

ಟೇಬಲ್ಲಿನ ಮೇಲೆ ಹಬ್ಬದ ಎಳ್ಳು ಬೆಲ್ಲ ಇತ್ತು. ಕಡಲೆಕಾಯಿ ಬೀಜ, ಕೊಬ್ಬರಿ, ಹುರಿಗಡಲೆ, ಬೆಲ್ಲ. ನಾನು ಆ ಬಟ್ಟಲನ್ನೇ ಕ್ಯಾಮೆರಾ ಮುಂದೆ ಹಿಡಿದೆ. ತೀರಾ ಸೊರಗಿದ ಮಕ್ಕಳಿಗೆ ಈ ಡಾಕ್ಟರುಗಳು ಕೊಡುವ ಆಹಾರವೂ ಕಡಲೆಕಾಯಿಯದೇ. ಕಡಲೆಕಾಯಿ ಪೇಸ್ಟು, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೊತೆಗೆ ವಿಟಮಿನ್ನು, ಖನಿಜಗಳು. 92 ಗ್ರಾಮಿನ ಒಂದು ಪೊಟ್ಟಣದಲ್ಲಿ 500 ಕ್ಯಾಲೊರಿ. ಬೇಯಿಸಬೇಕಿಲ್ಲ, ನೀರು ಬೆರೆಸಬೇಕಿಲ್ಲ, ಫ್ರಿಜ್ ಬೇಕಿಲ್ಲ. ತಾಯಿ ಮನೆಯಲ್ಲೇ ಪೊಟ್ಟಣ ಹರಿದು ಮಗುವಿನ ಬಾಯಿಗೆ ಕೊಡಬಹುದು. ಈ ಸಂಸ್ಥೆ ಶುರುವಾದದ್ದು 1971ರಲ್ಲಿ ಫ್ರಾನ್ಸಿನಲ್ಲಿ, 1999ರಲ್ಲಿ ಶಾಂತಿಯ ನೊಬೆಲ್ ಬಂತು. ನಮ್ಮ ಬಿಹಾರದಲ್ಲೂ ಕಾಲಾ ಅಜಾರ್ ಕಾಯಿಲೆಗೆ ವರ್ಷಗಟ್ಟಲೆ ಚಿಕಿತ್ಸೆ ಕೊಟ್ಟವರು. ಇದನ್ನು ಹೇಳಿದ ಮೇಲೆ ಬಂದ ದೇಣಿಗೆಗಳಲ್ಲಿ ಬಹಳ ಜನ "ಕಡಲೆಕಾಯಿಗೆ" ಅಂತಲೇ ಬರೆದಿದ್ದರು.

ಅಡುಗೆ ವಿಷಯದಲ್ಲಿ ಒಂದು ಮಾತು. ಎಣ್ಣೆ ಕೈ ಕಂಟ್ರೋಲರಿಗೆ ಆಗುವುದಿಲ್ಲ. ಬೋಂಡಾ, ಚಿಪ್ಸ್ ಬೇಡವೇ ಬೇಡ. ಮೊಸರನ್ನ, ಚಿತ್ರಾನ್ನ ಚಮಚದಲ್ಲಿ. ಎಲ್ಲರ ಹೆಬ್ಬೆರಳಿಗೂ ಮೊದಲೇ ಬ್ಯಾಂಡೇಜ್ ಟೇಪ್ ಸುತ್ತಿಬಿಡಿ, ಬೊಬ್ಬೆ ಬಂದ ಮೇಲೆ ಸುತ್ತಿದರೆ ಪ್ರಯೋಜನವಿಲ್ಲ.

ಮಾರಿಯೋ 2ರಲ್ಲಿ ನಾಲ್ಕು ಪಾತ್ರಗಳಿವೆ. ಯಾರಿಗೆ ಜಾಸ್ತಿ ಹಣ ಬರುತ್ತದೋ ಆ ಪಾತ್ರವನ್ನೇ ಎರಡೂ ತಂಡ ಆಡಬೇಕು ಅಂತ ಇಟ್ಟೆವು. ರಾಜಕುಮಾರಿ ಗೆದ್ದಳು. ಮಾರಿಯೋ 3 ಸಂಜೆ ಏಳರವರೆಗೂ ಎಳೆಯಿತು. ಅಷ್ಟರಲ್ಲಿ ತುಂಗಾ ಇಪ್ಪತ್ತು ನಿಮಿಷ ಮುಂದೆ.

ಸೂಪರ್ ಮಾರಿಯೋ ವರ್ಲ್ಡ್‌ನಲ್ಲಿ 96 ಎಕ್ಸಿಟ್. ಕೆಲವು ಲೆವೆಲ್ಲಿಗೆ ಎರಡೆರಡು ಬಾಗಿಲು, ಎಲ್ಲವನ್ನೂ ಹುಡುಕಿ, ಆಮೇಲೆ ಕೊನೆಯ ಖಳ ಬೌಸರನನ್ನು ಸೋಲಿಸಬೇಕು. ರಾತ್ರಿ ಹನ್ನೊಂದೂವರೆ ಹೊತ್ತಿಗೆ ನಮ್ಮ ಭದ್ರಾ 58ರಲ್ಲಿತ್ತು, ತುಂಗಾ 66ರಲ್ಲಿ. ನಮ್ಮ ಟಿವಿಯಲ್ಲಿ ಚಿತ್ರ ಕುಣಿಯತೊಡಗಿತು. ವೈರ್ ಸಡಿಲ. ಸರಿಮಾಡಲು ನಾನು ಕನ್ಸೋಲ್ ಆಫ್ ಮಾಡಿ, ಸಿಕ್ಕಿಸಿ, ಆನ್ ಮಾಡಿದೆ. ಪರದೆಯಲ್ಲಿ ನಮ್ಮ ಆಟದ ಲೆಕ್ಕ ತೋರಿಸುವ "ಮಾರಿಯೋ ಎ" ಪಕ್ಕದಲ್ಲಿ 58 ಇರಬೇಕಿತ್ತು. "ಎಂಪ್ಟಿ" ಅಂತ ಇತ್ತು.

ಹಳೇ ಕ್ಯಾಸೆಟ್ಟುಗಳೊಳಗೆ ಒಂದು ಬಟನ್ ಬ್ಯಾಟರಿ ಇರುತ್ತದೆ. ಆಡಿದ ಲೆಕ್ಕವನ್ನು ಉಳಿಸುವುದು ಅದೇ. ಮೂವತ್ತು ವರ್ಷದ ಬ್ಯಾಟರಿ ಸತ್ತಿತ್ತು. ಕ್ಯಾಸೆಟ್ ನನ್ನದು, ಮೊದಲೇ ನೋಡದಿದ್ದದ್ದು ನನ್ನ ತಪ್ಪು. ನಾಲ್ಕೂವರೆ ಗಂಟೆಯ ಆಟ ಹೋಗಿತ್ತು. ನನಗೆ ಮಾತೇ ಹೊರಡಲಿಲ್ಲ.

ತುಂಗಾದವರು ತಾವಾಗಿಯೇ ಆಟ ನಿಲ್ಲಿಸಿ ಕಂಟ್ರೋಲರ್ ಕೆಳಗಿಟ್ಟರು. ಮಂಡ್ಯದವರ ಮಗಳು ಹೇಳಿದಳು, "ಅಂಕಲ್, ನೀವು 58 ಮಾಡಿದ್ದು ರೆಕಾರ್ಡಿಂಗ್‌ನಲ್ಲಿ ಇದೆಯಲ್ವಾ? ಉಳಿದಿದ್ದು 38. ಹೊಸದಾಗಿ ಶುರು ಮಾಡಿ, ಯಾವ 38 ಆದರೂ ಸರಿ." ಶುರುವಿನ ಲೆವೆಲ್ಲುಗಳು ಸುಲಭ, ತಮಗೆ ಉಳಿದಿರುವ 30 ಕಷ್ಟದವು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದಳು. ರೆಕಾರ್ಡಿಂಗ್ ತೆಗೆದು 58ನ್ನು ಎಲ್ಲರಿಗೂ ತೋರಿಸಿ ಮತ್ತೆ ಗಡಿಯಾರ ಓಡಿಸಿದೆವು. ಊರಲ್ಲಿ ಆಗ ಭಾನುವಾರ ಬೆಳಿಗ್ಗೆ ಹನ್ನೊಂದು ದಾಟಿತ್ತು. ನೋಡುವವರು ಮನೆಯವರನ್ನೆಲ್ಲ ಕರೆದು ಕೂರಿಸಿಕೊಂಡಿದ್ದರಂತೆ. ಮುಂದಿನ ಒಂದು ಗಂಟೆಯಲ್ಲಿ 700 ಡಾಲರ್ ಬಂತು. ಇಡೀ ದಿನದಲ್ಲೇ ಅದು ದೊಡ್ಡ ಗಂಟೆ.

ತುಂಗಾ ಬೌಸರನನ್ನು ಸೋಲಿಸಿದ್ದು 2 ಗಂಟೆ 52 ನಿಮಿಷಕ್ಕೆ. ನಾವು 3 ಗಂಟೆ 3 ನಿಮಿಷಕ್ಕೆ. ಗೆದ್ದವರು ಮಲಗಲು ಹೋಗದೆ ಆ ಹನ್ನೊಂದು ನಿಮಿಷವೂ ನಮ್ಮ ಹಿಂದಿನ ಸೋಫಾದಲ್ಲೇ ಕೂತಿದ್ದರು. ಕೊನೆಯ ಮೈಕ್ ಆ ಹುಡುಗಿಯದು. ನಮ್ಮ ಪರವಾಗಿ ಕೂಗಿ ಕೂಗಿ ಅವಳ ಗಂಟಲು ಕಟ್ಟಿತ್ತು.

ಕಂಪನಿಗಳ ಹಣ ಪೂರ್ತಿ ಸೇರುವ ಹೊತ್ತಿಗೆ ಏಪ್ರಿಲ್ ಆಯಿತು. ಆ ತಿಂಗಳಲ್ಲೇ ಒಂದು ಶನಿವಾರ ಕೂತು ಕ್ಯಾಸೆಟ್ಟುಗಳನ್ನು ಬಿಚ್ಚಿದೆ. ಅವುಗಳ ಸ್ಕ್ರೂಗೆ ಮಾಮೂಲಿ ಸ್ಕ್ರೂಡ್ರೈವರ್ ಹತ್ತುವುದಿಲ್ಲ, 3.8 ಮಿಲಿಮೀಟರಿನ ಬೇರೆಯದೇ ಬಿಟ್ ಬೇಕು. ಬ್ಯಾಟರಿ ಸಿಆರ್2032, ಆದರೆ ಬೆಸುಗೆ ಹಾಕಲು ಕಾಲು ಇರುವಂಥದ್ದನ್ನೇ ತರಬೇಕು. ನಾಲ್ಕು ಕ್ಯಾಸೆಟ್ಟಿಗೂ ಹೊಸದು ಹಾಕಿ, ಹಿಂಭಾಗದಲ್ಲಿ ಮಾರ್ಕರಿನಿಂದ ತಾರೀಖು ಬರೆದಿದ್ದೇನೆ. ಹುಬ್ಬಳ್ಳಿ ಗೆಳೆಯ ಮುಂದಿನ ಸಲವೂ ಲಾಸ್ಟ್ ಲೆವೆಲ್ಸ್ ತನಗೇ ಇರಲಿ ಅಂತ ಹೇಳಿಟ್ಟಿದ್ದಾನೆ.